ಗೀಚಪ್ಪನಿಗೆ ಮೂಳೆ ಬಂದದ್ದು

ಗೀಚಪ್ಪ ಒಂದು ಕಾರ್ಟೂನ್ ಬೆಕ್ಕು. ಅಟ್ಟದಿಂದ ಬಿದ್ದು, ಮೈಮೇಲೆ ರುಬ್ಬುವ ಕಲ್ಲು ಉರುಳಿ, ದೋಸೆಯಂತೆ ಚಪ್ಪಟೆಯಾಗಿ, ಮತ್ತೆ ಮೀಸೆ ತಿರುವುತ್ತ ಏಳುವುದೇ ಅವನ ಕಸುಬು. ಕಾಡಿನ ಮರಿಗಳೆಲ್ಲ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವು. ಇಷ್ಟು ಚೆನ್ನಾಗಿ ಓಡುವ ಸರಕನ್ನು ಕಂಡರೆ ಸಿನಿಮಾ ತೆಗೆಯುವ ನರಿರಾಯನ ಕೈ ಸುಮ್ಮನಿದ್ದೀತೇ? "ಬರೀ ಗೆರೆಯಲ್ಲಿ ಏನಿದೆಯೋ? ನಿನ್ನನ್ನು ನಿಜವಾದ ಬೆಕ್ಕು ಮಾಡುತ್ತೇನೆ" ಎಂದು ಅವನಿಗೆ ತುಪ್ಪಳ, ಮೂಳೆ, ರಕ್ತ ಎಲ್ಲ ತುಂಬಿಸಿದ.

ಚಿತ್ರೀಕರಣ ನೋಡಲು ಮರಿಗಳು ಮುಂದೆಯೇ ಬಂದು ಕೂತವು. ಗೀಚಪ್ಪ ಅಟ್ಟದಿಂದ ಬಿದ್ದ. ಲಟಕ್ಕೆಂದು ಕಾಲು ಮುರಿಯಿತು.

"ಅಯ್ಯೋ, ಗೀಚಪ್ಪ ಮಾಮಂಗೆ ನೋವಾಯ್ತು!" ಎಂದು ಮೊಲದ ಮರಿಯೊಂದು ಚೀರಿತು. ಉಳಿದವೂ ಅಳತೊಡಗಿದವು.

"ಎದ್ದು ಮೀಸೆ ತಿರುವೋ, ದರಿದ್ರದವನೇ! ಕಲ್ಲು ಉರುಳೋದು ಇನ್ನೂ ಬಾಕಿ ಇದೆ" ಎಂದು ನರಿರಾಯ ಗದರಿದ. "ಈ ಅಳು ಕೇಳದ ಹಾಗೆ ಡೋಲು ಬಾರಿಸಿದರಾಯ್ತು."

ಗೀಚಪ್ಪನ ಮೈಯೆಲ್ಲ ಉರಿದುಹೋಯಿತು. ಜನ್ಮದಲ್ಲಿ ಒಂದು ಮರಿಯನ್ನೂ ಅಳಿಸಿದವನಲ್ಲ ಅವನು.

"ನನಗೆ ನೋವಾಗಲ್ಲ ಅಂತ ಗೊತ್ತಿದ್ದಕ್ಕೇ ಮಕ್ಕಳು ನಗ್ತಿದ್ದರು, ಸಾಹುಕಾರ್ರೇ. ನೋವು ತುಂಬಿಸಿದವರು ನೀವು, ಈಗ ಎದ್ದು ಮೀಸೆ ತಿರುವು ಅಂತ ನನ್ನನ್ನೇ ಗದರ್ತೀರಾ? ತುಪ್ಪಳ, ಮೂಳೆ ನಿಮಗೆ ಹುಟ್ಟಿದಾಗಿನಿಂದಲೇ ಇವೆಯಲ್ಲ! ಅಟ್ಟ ಹತ್ತಿ. ನೀವೇ ಬೀಳಿ. ಕಲ್ಲು ನಾನು ಉರುಳಿಸ್ತೀನಿ."

ಮರಿಗಳು ಅಳು ನಿಲ್ಲಿಸಿ ನರಿರಾಯನತ್ತ ತಿರುಗಿದವು. ಅವನು ಅಟ್ಟವನ್ನು ನೋಡಿದ, ಕಲ್ಲನ್ನು ನೋಡಿದ, ಸೊಂಟ ಸವರಿಕೊಂಡು ಕ್ಯಾಮೆರಾ ಮುಚ್ಚಿಸಿದ.