ಬಾಯ್ಕಾಟನ ಮೇಲಿನ ಸಿಟ್ಟು

ಓಬವ್ವನಿಗೆ ಒಬ್ಬನೇ ಮಗ, ತಿಪ್ಪೇಶ. ಇಂಥ ಇನ್ನೊಬ್ಬನನ್ನು ಕೊಡೋ ಧೈರ್ಯ ದೇವರಿಗೂ ಬರಲಿಲ್ಲ. ತಾಯಿ ಮಗ ಬಸ್ ಸ್ಟ್ಯಾಂಡಿನಲ್ಲಿ ತಳ್ಳುಗಾಡಿ ಇಟ್ಟು ಮೆಣಸಿನಕಾಯಿ ಬಜ್ಜಿ ಕರೀತಿದ್ದರು. ಎದುರಿನ ಹೋಟೆಲ್ ಮಲ್ಲೇಶಪ್ಪ, ಗಾಡಿಗಳನ್ನೆಲ್ಲ ಎತ್ತಿಸಿ ಅಂತ ಪುರಸಭೆಗೆ ಅರ್ಜಿ ಹಾಕಿದ. ಗಾಡಿ ಹೋದರೆ ಓಬವ್ವನ ಮನೆ ಒಲೆ ಆರಿದ ಹಾಗೆ. ಗಾಡಿಯವರೆಲ್ಲ ಸೇರಿದರು. ಮುಖಂಡ ಬುಡೇನ್ ಸಾಬ್ ಹೇಳಿದ: "ಇವತ್ತಿಂದ ಮಲ್ಲೇಶಪ್ಪಂಗೆ ಬಾಯ್ಕಾಟ್. ಯಾರೂ ಮಾತಾಡಂಗಿಲ್ಲ."

ತಿಪ್ಪೇಶ ಸೀದಾ ಅದೇ ಹೋಟೆಲಿಗೆ ಹೋದ. ತುಟಿ ಬಿಚ್ಚದೆ ಬೆರಳು ತೋರಿಸಿ ದೋಸೆ ತಿಂದ, ಬೆರಳು ತೋರಿಸಿ ಇನ್ನೊಂದು ತಿಂದ, ತುಟಿ ಬಿಚ್ಚದೆ ಬಂದ.

"ಒಂದಕ್ಷರ ಮಾತಾಡಲಿಲ್ಲ ಕಣವ್ವ."

ಓಬವ್ವ ಜಾಲರಿ ಸೌಟು ಎತ್ತಿದಳು. "ಬಾಯ್ಕಾಟ್ ಅಂದ್ರೆ ಅವನ ಹತ್ರ ಏನೂ ಕೊಳ್ಳಬಾರದು ಕಣೋ, ನನ್ ಬಂಗಾರ."

ಮಾರನೇ ದಿನ ಹೋಟೆಲಿನ ಅಡುಗೆಯವನೂ ಬಾಯ್ಕಾಟಿಗೆ ಸೇರಿ ಕೈಕೊಟ್ಟ. ಗಿರಾಕಿಗೆ ಕೊಡೋಕೆ ಏನೂ ಇಲ್ಲ. ತಿಪ್ಪೇಶ ಗಾಡಿಯ ಬಜ್ಜಿಯನ್ನೆಲ್ಲ ಬುಟ್ಟಿಗೆ ತುಂಬಿ ಅಲ್ಲಿ ಕೊಟ್ಟುಬಂದ. ಹೋಟೆಲು ಘಮಘಮ.

"ಕೊಳ್ಳಲಿಲ್ಲ ಕಣವ್ವ, ಮಾರಿದೆ."

"ಲೇ, ಮೊದಲು ಆ ಪದ ಏನು ಅಂತ ತಿಳಿದೋರನ್ನ ಕೇಳು ಹೋಗು."

ಬಸ್ಸಿಗೆ ಕಾಯುತ್ತಿದ್ದ ಇಂಗ್ಲಿಷ್ ಮೇಷ್ಟ್ರು ವೆಂಕೋಬರಾಯರು ಸಿಕ್ಕರು. "ಬಾಯ್ಕಾಟ್ ಅನ್ನೋದು ಒಬ್ಬ ಮನುಷ್ಯನ ಹೆಸರಪ್ಪ. ಐರ್ಲೆಂಡಿನಲ್ಲಿ ಜಮೀನ್ದಾರನ ಪಾರುಪತ್ಯಗಾರ. ಗೇಣಿ ರೈತರನ್ನ ಜಮೀನಿಂದ ಒಕ್ಕಲೆಬ್ಬಿಸೋಕೆ ಹೋದ. ರೈತರು ಮಾತು ಬಿಟ್ಟರು, ಆಳುಗಳು ಕೆಲಸ ಬಿಟ್ಟರು, ಕೊನೆಗೆ ಅವನು ಊರೇ ಬಿಟ್ಟ. ಹೆಸರು ಉಳೀತು. ಮೊದಲು ಮಾತು ಬಿಡೋದಕ್ಕೆ ಆ ಹೆಸರು, ಆಮೇಲೆ ಸಾಮಾನು ಬಿಡೋದಕ್ಕೆ, ಆಮೇಲೆ ಓಟು ಬಿಡೋದಕ್ಕೆ. ಈಗ ಏನೂ ಬಿಡಬೇಕಿಲ್ಲ, ಮೊಬೈಲಲ್ಲಿ ಒತ್ತಿದರಾಯ್ತು." ಹೀಗಂದವರೇ ಮೇಷ್ಟ್ರು ಎದುರಿನ ಹೋಟೆಲಿಗೆ ಕಾಫಿಗೆ ಹೋದರು.

ಒಂದು ವಾರಕ್ಕೆ ಮಲ್ಲೇಶಪ್ಪ ಸೋತ. ಅಡುಗೆಯವನೂ ಇಲ್ಲದೆ, ಗಾಡಿಯವರ ಮಾತೂ ಇಲ್ಲದೆ, ಓಬವ್ವ ಇಲ್ಲದ ಹೊತ್ತಲ್ಲಿ ತಿಪ್ಪೇಶನ ಹತ್ತಿರ ಬಂದು ಕೈಮುಗಿದ. "ತಪ್ಪಾಯ್ತು ತಮ್ಮಾ. ಅರ್ಜಿ ವಾಪಸ್ ತಗೋತೀನಿ, ಈ ಬಾಯ್ಕಾಟ್ ಬಿಡಿ."

ತಿಪ್ಪೇಶ ಅವನ ಮುಗಿದ ಕೈ ಹಿಡಿದು ಬಿಡಿಸಿದ. "ನಿಮ್ಮ ಹೆಸರು ಬಾಯ್ಕಾಟಾ, ಸಾವ್ಕಾರ್ರೇ?"

"ಅಲ್ಲಪ್ಪ, ಮಲ್ಲೇಶಪ್ಪ."

"ಮತ್ತೆ ನೀವ್ಯಾಕೆ ಕೈಮುಗೀತೀರಿ? ಸಿಟ್ಟೆಲ್ಲ ಆ ಬಾಯ್ಕಾಟನ ಮೇಲೆ. ನಾವೇ ಆಳಿನ ಗುರುತು ತಪ್ಪಿ ನಿಮ್ಮನ್ನ ಗೋಳು ಹುಯ್ಕೊಂಡ್ವಿ. ಅರ್ಜಿ ಇರಲಿ ಬಿಡಿ, ವಾಪಸ್ ತಗೊಂಡ್ರೆ ನಮಗೆ ಪಾಪ ಸುತ್ಕೊಳ್ಳುತ್ತೆ."

ಮಾರನೇ ಬೆಳಿಗ್ಗೆ ಓಬವ್ವ ಕಡಲೆಹಿಟ್ಟು ಹೊತ್ತು ಬಂದಾಗ ಪುರಸಭೆಯವರು ಗಾಡಿಯನ್ನು ಲಾರಿಗೆ ಹತ್ತಿಸುತ್ತಿದ್ದರು. ಹಿಂದಿನಿಂದ ಹೆಗಲು ಕೊಟ್ಟು ತಳ್ಳುತ್ತಿದ್ದವನು ತಿಪ್ಪೇಶ.

"ಗಾಬರಿ ಆಗಬೇಡವ್ವ. ಒಬ್ಬೊಬ್ಬರನ್ನೂ ಹೆಸರು ಕೇಳಿದೆ. ಇವರಲ್ಲೂ ಯಾರೂ ಬಾಯ್ಕಾಟ್ ಅಲ್ಲವಂತೆ."