ಸರದಿದೊಣೆಯಲ್ಲಿ ಮೃಗಗಳು ಕಾದು ಕೂತದ್ದು

ಬಯಲುಸೀಮೆಯ ಮೂಡಲ ಅಂಚಿನಲ್ಲಿ, ಬತ್ತಿದ ಹೊಳೆ ತಂದು ಸುರಿದ ಮರಳುದಿಬ್ಬಗಳು ಮುಗಿದು ಬಂಡೆಗುಡ್ಡಗಳು ತಲೆ ಎತ್ತುವ ಕಡೆ, ಸರದಿದೊಣೆ ಇದೆ. ದೊಣೆ ಎಂದರೆ ಬಂಡೆಯ ಹೊಟ್ಟೆಯಲ್ಲಿ ತಾನಾಗಿ ಆದ ನೀರಿನ ಗುಂಡಿ. ಈ ದೊಣೆ ಮೇಲಿಂದ ನೋಡಿದರೆ ಒಂದು ದೊಡ್ಡ ಸೀಳು, ಅಷ್ಟೇ. ಬಂಡೆಯಲ್ಲೇ ಕಡಿದ ಹದಿನೆಂಟು ಮೆಟ್ಟಿಲು ಇಳಿದರೆ ಕೆಳಗೆ ಕಪ್ಪಗೆ, ತಣ್ಣಗೆ ನೀರು ನಿಂತಿರುತ್ತದೆ. ಸುತ್ತ ಹತ್ತು ಹರದಾರಿಯಲ್ಲಿ ಕಳ್ಳಿಗೂ ಬಾಯಾರುವಂಥ ಬೇಸಿಗೆಯಲ್ಲೂ ಇದು ಬತ್ತಿದ್ದನ್ನು ಕಂಡವರಿಲ್ಲ. ಬೆಟ್ಟ ಹತ್ತಿ ಬಂದವರು ಮೊದಲು ಏದುಸಿರು ಬಿಡುತ್ತಾರೆ, ಆಮೇಲೆ ಮುಖ ತೊಳೆಯುತ್ತಾರೆ, ಆಮೇಲೆ ಕೇಳುತ್ತಾರೆ: ಇಲ್ಲಿ ಯಾರ ಸರದಿ, ಎಂಥ ಸರದಿ? ಕೆಳಗಿನ ಹಟ್ಟಿಯ ಮುದುಕರು ಅದಕ್ಕೆ ಉತ್ತರ ಹೇಳುವ ಮೊದಲು ಕೇಳಿದವರನ್ನು ಕೂರಿಸುತ್ತಾರೆ. ನಿಂತು ಕೇಳುವ ಕತೆ ಅಲ್ಲ ಅದು ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆಯಲ್ಲಿ ದಾರಿ ಎಂಬುದೇ ಇಲ್ಲದ ಕಾಲದಲ್ಲಿ, ಮನುಷ್ಯರಿಗಿಂತ ಹಲ್ಲು ಉಗುರು ಇದ್ದವರೇ ಇಲ್ಲಿ ಹೆಚ್ಚಾಗಿದ್ದರಂತೆ. ಮರಳಿನ ಕಡೆ ತೋಳಗಳು. ಅವು ಓಡಿದರೆ ಮರಳೇ ಓಡಿದ ಹಾಗೆ, ಬಣ್ಣದಲ್ಲಿ ಬೇರೆ ಮಾಡಲು ಬರುತ್ತಿರಲಿಲ್ಲ. ಗುಂಡುಕಲ್ಲುಗಳ ಸಂದಿಯಲ್ಲಿ ಕರಡಿಗಳು. ನೆತ್ತಿಯ ಗವಿಗಳಲ್ಲಿ ಚಿರತೆ. ಮುರಿಯದ ಮೂಳೆಯೇ ಇಲ್ಲವೆಂಬ ದವಡೆಯ ಕತ್ತೆಕಿರುಬ. ಎತ್ತಿದ ಕಲ್ಲಿನ ಕೆಳಗೆಲ್ಲ ಚೇಳು, ಎತ್ತದ ಕಲ್ಲಿನ ಕೆಳಗೆ ಮಂಡಲದ ಹಾವು. ಇಷ್ಟು ಜನಕ್ಕೂ, ಕುರಿ ಮೇಯಿಸುವ ಹಟ್ಟಿಯವರಿಗೂ ಬೇಸಿಗೆಯಲ್ಲಿ ಇದ್ದದ್ದು ಇದೊಂದೇ ನೀರು.

ಆದ್ದರಿಂದ ಒಂದು ಕಟ್ಟಳೆ ಇತ್ತು. ಯಾರು ಮಾಡಿದ್ದೋ ಗೊತ್ತಿಲ್ಲ, ಮುರಿದವರು ಮಾತ್ರ ಇರಲಿಲ್ಲ. ಹೊತ್ತು ಹುಟ್ಟಿದಾಗಿನಿಂದ ಬೆಟ್ಟದ ನೆರಳು ನೀರು ಮುಟ್ಟುವ ತನಕ ದೊಣೆ ಮನುಷ್ಯರದು. ನೆರಳು ಮುಟ್ಟಿತೆಂದರೆ ಕೊನೆಯವರೂ ಮೇಲೆ ಬರಬೇಕು, ತಂಗಡಿ ಸೊಪ್ಪಿನಿಂದ ತಮ್ಮ ಹೆಜ್ಜೆ ಗುಡಿಸಬೇಕು. ಆಗ ಹಟ್ಟಿಯ ಹಿರಿಯ ದೊಣೆಯ ಪಕ್ಕದ ಎತ್ತರದ ಬಂಡೆ ಹತ್ತಿ ಕೂಗುತ್ತಿದ್ದ: "ನಮ್ಮದಾಯ್ತು, ನೀವು ಬರ್ರಿ." ಅಷ್ಟೇ ಮಾತು. ಮನುಷ್ಯರು ಹಿಂದೆ ತಿರುಗಿ ನೋಡದೆ ಇಳಿದು ಹೋಗುತ್ತಿದ್ದರು. ಆಮೇಲೆ ಬರುವವರು ಬರುತ್ತಿದ್ದರು. ಎಷ್ಟೋ ತಲೆಮಾರು ಒಬ್ಬರನ್ನೊಬ್ಬರು ದೊಣೆಯ ಬಳಿ ನೋಡಿರಲಿಲ್ಲ.

ಆಗ ಹಟ್ಟಿಯಲ್ಲಿ ಕ್ಯಾತಣ್ಣ ಎಂಬವನಿದ್ದ. ಮೀಸೆ ಬಂದು ಎಷ್ಟೋ ವರ್ಷವಾಗಿತ್ತು, ಬುದ್ಧಿ ಇನ್ನೂ ದಾರಿಯಲ್ಲೇ ಇತ್ತು. ಒಂದು ಗುಂಡುಕಲ್ಲಿಗೆ ಕಂಬಳಿ ಹೊದಿಸಿ ಮಂದಿಯ ಕೈಲಿ "ಯಾವೂರ ಬೀಗರು?" ಎಂದು ಕೇಳಿಸಿದ್ದ. ಮಲಗಿದವನ ಜುಟ್ಟಿಗೆ ಟಗರಿನ ಗಂಟೆ ಕಟ್ಟಿ, ಅವನನ್ನೇ ಟಗರು ಹುಡುಕಲು ಕಳಿಸಿದ್ದ. ಇವನ ಕಾಟ ಹೆಚ್ಚು ತಿಂದವಳು ಅಣ್ಣನ ಹೆಂಡತಿ ಸಿರಿಯಮ್ಮ. ತಾಯಿ ಇಲ್ಲದ ಮೈದುನನಿಗೆ ಅಂಬಲಿ ಕುಡಿಸಿ ಬೆಳೆಸಿದವಳೂ ಅವಳೇ. ಬೈಯುವ ಹಕ್ಕು ಅವಳಿಗೆ ಪೂರ್ತಿ ಇತ್ತು, ಅದನ್ನು ಅವಳು ಒಂದು ದಿನವೂ ದಂಡ ಮಾಡಿರಲಿಲ್ಲ.

ಒಂದು ದಿನ ಹಿರಿಯ ಚಿತ್ತಜ್ಜನಿಗೆ ಜ್ವರ ಬಂತು. ಬಂಡೆ ಹತ್ತಲು ಕಾಲು ಏಳಲಿಲ್ಲ. ಅವನು ಕ್ಯಾತಣ್ಣನನ್ನು ಕರೆದು, "ಗಂಟಲು ಇರೋದು ನಿನಗೇ. ಇವತ್ತು ನೀನು ಕೂಗು. ನೆರಳು ಮುಟ್ಟಿತಾ ನೋಡು, ಎಲ್ಲರೂ ಇಳಿದರಾ ನೋಡು, ಆಮೇಲೆ ಬಾಯಿ ಬಿಡು" ಎಂದ.

"ಬಾಯಿ ಬಿಡೋದು ನನಗೆ ಹೇಳಿಕೊಡಬೇಕಾ ಅಜ್ಜ?"

"ಮುಚ್ಚೋದು ಹೇಳಿಕೊಡಬೇಕಿತ್ತು. ನನಗೇ ಆಗಲಿಲ್ಲ, ಮುದುಕ ಆಗಿಬಿಟ್ಟೆ."

ಸಂಜೆ ಹಟ್ಟಿಯವರೆಲ್ಲ ಕುರಿ ಹೊಡೆದುಕೊಂಡು ಇಳಿದರು. ಸಿರಿಯಮ್ಮ ಒಬ್ಬಳು ಕೊಡ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ಬಂಡೆಯ ಮೇಲೆ ಗತ್ತಿನಿಂದ ನಿಂತ ಮೈದುನನನ್ನು ನೋಡಿ, "ಏನಪ್ಪಾ, ಕೋತಿಗೆ ಗದ್ದುಗೆ ಸಿಕ್ಕಿತಾ? ಕೂಗೋವಾಗ ಕೆಳಗೆ ಬಿದ್ದೀಯ, ಹಿಡಕೊಂಡು ಕೂಗು" ಎಂದಳು. ನೆರಳು ನೀರಿಗೆ ಇನ್ನೂ ಒಂದು ಮೊಳ ದೂರವಿತ್ತು. ಅತ್ತಿಗೆ ಕೊಡ ಬಿಸಾಕಿ, ಸೀರೆ ಎತ್ತಿಕೊಂಡು, ದಬದಬ ಮೆಟ್ಟಿಲು ಹತ್ತಿ ಓಡುವುದು ಕ್ಯಾತಣ್ಣನ ಕಣ್ಣಿಗೆ ಕಟ್ಟಿತು. ತಡೆಯಲು ಆಗಲಿಲ್ಲ. ಎದೆ ತುಂಬ ಗಾಳಿ ಎಳೆದು ಕೂಗಿಯೇ ಬಿಟ್ಟ: "ನಮ್ಮದಾಯ್ತು, ನೀವು ಬರ್ರಿ."

ಮಾತು ಬೆಟ್ಟಕ್ಕೆ ಬಡಿದು, ಮರಳಿನ ಮೇಲೆ ಹಾಯ್ದು, ದೂರ ಹೋಯಿತು. ಕ್ಯಾತಣ್ಣ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತ ಕೆಳಗೆ ನೋಡಿದ. ಅತ್ತಿಗೆ ಓಡಲಿಲ್ಲ. ತಲೆ ಎತ್ತಿ ಅವನನ್ನು ನೋಡಿದಳು, ಆಮೇಲೆ ಅವನ ಆಚೆಗೆ ನೋಡಿದಳು. ಅವಳ ಮುಖ ನೋಡಿ ಅವನ ನಗೆ ಅರ್ಧಕ್ಕೇ ನಿಂತಿತು. ಅಲ್ಲಿಯವರೆಗೆ ಒದರುತ್ತಿದ್ದ ಗೌಜಲಹಕ್ಕಿಗಳೂ ಸುಮ್ಮನಾಗಿದ್ದವು.

ಅವನು ಮೆಲ್ಲನೆ ತಿರುಗಿದ. ಎದುರಿನ ಬಂಡೆಯ ಮೇಲೆ ಚಿರತೆ ಮಲಗಿತ್ತು. ಈಗ ಬಂದದ್ದಲ್ಲ. ಮಧ್ಯಾಹ್ನದಿಂದಲೇ ಅಲ್ಲಿ ಇತ್ತು. ಕುರಿಗಳು ಅದರ ಕೆಳಗೇ ನೀರು ಕುಡಿದು ಹೋಗಿದ್ದವು. ಕೂಗು ಬೀಳುವ ತನಕ ಅದು ಕಲ್ಲಾಗಿತ್ತು, ಈಗ ಚಿರತೆಯಾಗಿ ಎದ್ದು ಮೈಮುರಿಯಿತು. ಮರಳಿನ ಕಡೆಯಿಂದ ಐದು ತೋಳ ಒಂದರ ಹೆಜ್ಜೆಯಲ್ಲಿ ಒಂದು ಹೆಜ್ಜೆಯಿಟ್ಟು ಬಂದವು. ಗುಂಡಿನ ಸಂದಿಯಿಂದ ಬೆನ್ನ ಮೇಲೆ ಎರಡು ಮರಿ ಕೂರಿಸಿಕೊಂಡು ತಾಯಿ ಕರಡಿ ಇಳಿಯಿತು. ಹಿಂದೆ ಸೊಂಟ ಬಿದ್ದ ಹಾಗೆ ನಡೆಯುವ ಕತ್ತೆಕಿರುಬ. ಬಂಡೆಯ ಬಿರುಕಿನಿಂದ ಒಂದು ಮಂಡಲದ ಹಾವು ಹರಿದು ಬಂದು ನಡುದಾರಿಯಲ್ಲಿ ಸುರುಳಿ ಹಾಕಿತು. ಯಾರೂ ಯಾರ ಕಡೆಗೂ ನೋಡಲಿಲ್ಲ. ಎಲ್ಲ ಬಂದು ಸೀಳಿನ ಅಂಚಿನಲ್ಲಿ ನಿಂತು ಕೆಳಗೆ ಬಗ್ಗಿದವು. ಕೆಳಗೆ ನೀರಿನಲ್ಲಿ ಮೊಣಕಾಲುದ್ದ ನಿಂತ ಹೆಂಗಸಿಗೆ ಆಕಾಶದ ಅಂಚಿಗೆಲ್ಲ ತಲೆಗಳೇ ಕಂಡವಂತೆ.

ಆಯ್ತು ಎಂದ ಮೇಲೆ ದೊಣೆಯಲ್ಲಿ ಮನುಷ್ಯ ಇರಬಾರದು. ಇದ್ದಾನೆ. ಅವುಗಳಿಗೆ ಇದು ಹೊಸತು. ಒಂದು ತೋಳದ ತುಟಿ ಮೇಲೆದ್ದು ಹಲ್ಲು ಕಂಡಿತು. ಕರಡಿ ಮರಿಗಳನ್ನು ಕೆಳಗೆ ಬೀಳಿಸಿ ಎರಡು ಕಾಲ ಮೇಲೆ ಎದ್ದು ನಿಂತಿತು. ಕ್ಯಾತಣ್ಣನ ಹಿಂದೆ ಹಟ್ಟಿಗೆ ಇಳಿಯುವ ದಾರಿ ಖಾಲಿ ಬಿದ್ದಿತ್ತು. ಕಾಲು ಅತ್ತ ತಿರುಗಿಯೂ ಇತ್ತು. ಆ ಕಾಲನ್ನು ಇತ್ತ ತಿರುಗಿಸಲು ಪಟ್ಟಷ್ಟು ಪಾಡು ತಾನು ಇಡೀ ಜನ್ಮದಲ್ಲಿ ಬೇರೆ ಯಾವುದಕ್ಕೂ ಪಡಲಿಲ್ಲವೆಂದು ಅವನು ಮುಪ್ಪಿನಲ್ಲೂ ಹೇಳುತ್ತಿದ್ದನಂತೆ.

ಅವನು ಬಂಡೆಯಿಂದ ಇಳಿದು ಅವುಗಳ ನಡುವೆ ನಡೆದ. ಹಾವನ್ನು ಬಳಸಿ ಹೋದ. ಕರಡಿಯ ಉಸಿರು ಅವನ ಕೆನ್ನೆಗೆ ತಾಗಿತು, ಹುತ್ತದ ಮಣ್ಣಿನ ವಾಸನೆ. ಬರ್ರಿ ಎನ್ನಲು ಮಾತಿತ್ತು, ಬರಬೇಡಿ ಎನ್ನಲು ಹಿರಿಯರು ಯಾವ ಮಾತನ್ನೂ ಮಾಡಿಟ್ಟಿರಲಿಲ್ಲ, ಬೇಕಾಗಿಯೇ ಇರಲಿಲ್ಲ. ಅವನು ಹಟ್ಟಿಯ ಕಟ್ಟೆಯ ಮುಂದೆ ನಿಂತವನ ಹಾಗೆ ಕೈಕಟ್ಟಿ ನಿಂತು ಹೇಳಿದ: "ನಮ್ಮದು ಇನ್ನೂ ಆಗಿಲ್ಲ. ನಾನು ಸುಳ್ಳು ಕೂಗಿದೆ. ನಮ್ಮತ್ತಿಗೆ ನೀರಲ್ಲಿದ್ದಾಳೆ."

ಮೊದಲು ಕರಡಿ ಮುಂಗಾಲು ಊರಿತು, ಕೂತಿತು. ತೋಳಗಳು ಕೂತವು. ಚಿರತೆ ಮತ್ತೆ ಬಂಡೆಯ ಮೇಲೆ ಮಲಗಿ ಬಾಲ ಇಳಿಬಿಟ್ಟಿತು. ಮದುವೆಮನೆಯಲ್ಲಿ ಮೊದಲ ಪಂಕ್ತಿ ಏಳಲಿ ಎಂದು ಗೋಡೆಗೊರಗಿದ ನೆಂಟರ ಹಾಗೆ ಅವು ಕಾದು ಕೂತವು ಎನ್ನುತ್ತಾರೆ.

ಕ್ಯಾತಣ್ಣ ಮೆಟ್ಟಿಲಿಳಿದು ಪಿಸುಗುಟ್ಟಿದ: "ಅತ್ತಿಗೆ, ಕೊಡ ಬಿಡು, ಬಾ, ಹೋಗಾನ."

"ತುಂಬಿಸ್ಕೊಂಡೇ ಬರೋದು" ಎಂದಳು ಸಿರಿಯಮ್ಮ. ಹಲ್ಲು ಕಟಕಟ ಎನ್ನುತ್ತಿದ್ದವು, ಮಾತು ಮಾತ್ರ ನೆಟ್ಟಗಿತ್ತು. "ಆಗಿಲ್ಲ ಅಂದೆ ತಾನೆ? ಅರ್ಧಕ್ಕೆ ಬಿಟ್ಟು ಹೋದ್ರೆ ಅದೂ ಸುಳ್ಳಾಗ್ತದೆ. ಇವತ್ತಿಗೆ ನಿನ್ನ ಸುಳ್ಳು ಒಂದೇ ಸಾಕು."

ಅವಳು ಕೊಡವನ್ನು ಕಂಠದ ತನಕ ಮುಳುಗಿಸಿದಳು. ನೀರು ಗುಳುಗುಳು ಎಂದು ತುಂಬುವ ಸದ್ದನ್ನು ಮೇಲಿದ್ದವರೆಲ್ಲ ಕಿವಿ ನೆಟ್ಟಗೆ ಮಾಡಿ ಕೇಳಿದರು. ತಲೆಗೆ ಸಿಂಬಿ ಇಟ್ಟು, ಕೊಡ ಹೊತ್ತು, ಒಂದು ಹನಿ ತುಳುಕದ ಹಾಗೆ ಹದಿನೆಂಟು ಮೆಟ್ಟಿಲು ಹತ್ತಿದಳು. ಕರಡಿಯ ಮರಿ ಒಂದು ಅವಳ ಸೀರೆಯ ಒದ್ದೆ ಅಂಚನ್ನು ಮೂಸಿತು, ತಾಯಿ ಅದಕ್ಕೆ ಒಂದು ಏಟು ಹಾಕಿತು. ಕ್ಯಾತಣ್ಣ ತಂಗಡಿ ಸೊಪ್ಪಿನಿಂದ ಹೆಜ್ಜೆ ಗುಡಿಸುತ್ತ ಹಿಂದೆ ಬಂದ. ಬಂಡೆಯ ಬಳಿ ಅವಳು ನಿಂತು "ಈಗ ಕೂಗು" ಎಂದಳು. ಅವನು ಬಾಯಿ ತೆರೆದ, ಸ್ವರ ಬರಲಿಲ್ಲ. ಕೊನೆಗೆ ಕೊಡ ಹೊತ್ತುಕೊಂಡೇ ಅವಳು ಕೂಗಿದಳು. ಹಿಂದಿನಿಂದ ನೂರಾರು ಉಗುರು ಕಲ್ಲಿನ ಮೇಲೆ ಇಳಿಯುವ ಸದ್ದಾಯಿತು, ಆಮೇಲೆ ನಾಲಿಗೆಗಳ ಸದ್ದು. ಇಬ್ಬರೂ ತಿರುಗಿ ನೋಡಲಿಲ್ಲ.

ಹಟ್ಟಿಯಲ್ಲಿ ಕ್ಯಾತಣ್ಣನನ್ನು ಕಂಬಕ್ಕೆ ಕಟ್ಟಬೇಕೆಂದರು ಕೆಲವರು. ಚಿತ್ತಜ್ಜ ಕಂಬಳಿ ಹೊದ್ದು ಕೂತು ಎಲ್ಲ ಕೇಳಿ, "ಕೂಗಿದ ಮೇಲೆ ಸರದಿ ಅವುಗಳದು, ಆದ್ರೂ ನಮಗೆ ಬಿಟ್ಟುಕೊಟ್ಟವು. ಹಾಗಾದರೆ ನಮ್ಮದೊಂದು ಬೆಳಗು ಅವಕ್ಕೆ ಬಿಡಬೇಕು. ಕರೆಯೋನು ಕ್ಯಾತನೇ" ಎಂದ.

"ಇವನ ಮಾತು ಅವು ಇನ್ನು ನಂಬ್ತಾವಾ?" ಎಂದು ಯಾರೋ ಕೇಳಿದರು.

"ಅದನ್ನೇ ನೋಡಬೇಕಾಗಿರೋದು" ಎಂದ ಅಜ್ಜ. "ನಂಬದಿದ್ರೆ ನಾಳೆಯಿಂದ ನಮ್ಮ ಯಾರ ಕೂಗಿಗೂ ಬೆಲೆ ಇಲ್ಲ. ಆ ನೀರಿಗೆ ನಾವು ಹೋಗೋ ಹಾಗಿಲ್ಲ. ಕುರಿ ಹೊಡಕೊಂಡು ಸೀಮೆ ಬಿಡೋದೇ."

ಮರುದಿನ ಹೊತ್ತು ಹುಟ್ಟುವಾಗ ಕ್ಯಾತಣ್ಣ ಬಂಡೆ ಹತ್ತಿ, "ಈ ಬೆಳಗು ನಿಮ್ಮದು, ಬರ್ರಿ" ಎಂದು ಕೂಗಿ ಇಳಿದ. ಹಟ್ಟಿಗೆ ಹಟ್ಟಿಯೇ ಬೆಟ್ಟದ ಬುಡದಲ್ಲಿ ಖಾಲಿ ಕೊಡ ಮುಂದಿಟ್ಟುಕೊಂಡು ಕೂತಿತು. ಬಿಸಿಲು ಏರಿತು. ಕುರಿಗಳು ನಾಲಿಗೆ ಚಾಚಿದವು. ಮೇಲೆ ಒಂದು ಕಲ್ಲೂ ಅಲುಗಲಿಲ್ಲ. ಜನ ಒಬ್ಬೊಬ್ಬರೇ ಕ್ಯಾತಣ್ಣನ ಕಡೆ ತಿರುಗಿ ನೋಡತೊಡಗಿದರು. ಅವನು ಮಣ್ಣು ನೋಡುತ್ತ ಕೂತ. ಜುಟ್ಟಿಗೆ ಗಂಟೆ ಕಟ್ಟಿಸಿಕೊಂಡಿದ್ದವನು ಕೂಡ ಅವನನ್ನು ನೋಡಿ ನಗಲಿಲ್ಲ. ನೆತ್ತಿಯ ಮೇಲೆ ಸೂರ್ಯ ಬಂದ. ಆಗ ಸಿರಿಯಮ್ಮ ಮೈದುನನ ಮೊಣಕೈ ತಿವಿದು, ಗದ್ದ ಎತ್ತಿ ತೋರಿಸಿದಳು. ಸುಡುವ ಬಿಸಿಲಿನಲ್ಲಿ, ಅಷ್ಟು ಜನ ನೋಡುತ್ತಿರುವ ಹಾಗೇ, ಬೆನ್ನ ಮೇಲೆ ಮರಿ ಹೊತ್ತ ಕರಡಿ ದೊಣೆಗೆ ಇಳಿಯುತ್ತಿತ್ತು. ಅದರ ಹಿಂದೆ ಮರಳಿನಿಂದ ತೋಳಗಳು ಏಳುತ್ತಿದ್ದವು.

ಅಂದಿನಿಂದ ಅದು ಸರದಿದೊಣೆ. ಕ್ಯಾತಣ್ಣ ತಮಾಷೆ ಬಿಟ್ಟನೆಂದು ಯಾರೂ ಹೇಳುವುದಿಲ್ಲ, ಸಾಯುವ ದಿನವೂ ಯಾರದೋ ಎಕ್ಕಡ ಅಡಗಿಸಿಟ್ಟಿದ್ದನಂತೆ. ಆದರೆ ಚಿತ್ತಜ್ಜನ ನಂತರ ಆ ಬಂಡೆಯ ಮೇಲೆ ಕೂಗಿದವನು ಅವನೇ, ನಲವತ್ತು ವರ್ಷ, ನೆರಳು ನೀರು ಮುಟ್ಟಿದ ಮೇಲೆಯೇ, ಮೆಟ್ಟಿಲನ್ನು ಮೂರು ಸಲ ಇಣುಕಿ ನೋಡಿ.

ಈಗಲೂ ಪ್ರತಿ ಬೇಸಿಗೆಯಲ್ಲಿ ಒಂದು ಬೆಳಗನ್ನು ಅವುಗಳಿಗೇ ಬಿಡುತ್ತಾರೆ. ಆ ದಿನ ಅಲ್ಲಿಗೆ ಹೋದವರಿಗೆ ಬೆಟ್ಟದ ಬುಡದಲ್ಲಿ ಹಟ್ಟಿಯವರೆಲ್ಲ ಸಾಲಾಗಿ ಕೂತಿರುವುದು ಕಾಣುತ್ತದೆ. ಮುಂದೆ ಪ್ಲಾಸ್ಟಿಕ್ ಕೊಡ, ಸ್ಟೀಲ್ ಕೊಡ. ಟ್ಯಾಂಕರ್ ಬರಲಿಲ್ಲವೇನೋ ಎಂದುಕೊಂಡು ಪ್ರವಾಸಿಗರು ಫೋಟೊ ತೆಗೆಯುತ್ತಾರೆ. ಯಾರಿಗೆ ಕಾಯುತ್ತಿದ್ದೀರಿ ಎಂದು ಕೇಳಿದರೆ, "ಮೇಲೆ ಕುಡೀತಿದ್ದಾರೆ, ಮುಗೀಲಿ" ಎನ್ನುತ್ತಾರೆ. ಕೇಳಿದವರು ನಗುತ್ತಾರೆ. ಅಷ್ಟರಲ್ಲಿ ಮೇಲಿನಿಂದ ಒಂದು ಸಣ್ಣ ಕಲ್ಲು ಉರುಳಿ ಬಂದು ಅವರ ಕಾಲ ಬಳಿ ನಿಲ್ಲುತ್ತದೆ, ಒದ್ದೆಯಾಗಿ. ಆಮೇಲೆ ಅವರೂ ಸಾಲಿನ ಕೊನೆಯಲ್ಲಿ ಕೂರುತ್ತಾರೆ.