ಹದ ಬರುವ ಹೊತ್ತು

"ಗುರುಗಳೇ, ಒಂದೇ ಹೊತ್ತಿನಲ್ಲಿ ನಾಲ್ಕು ಕಡೆ ಇರುವ ವಿದ್ಯೆ ಯಾವುದಾದರೂ ಉಂಟೆ?" ಎಂದು ಶಿಷ್ಯ ಮರಿಸಿದ್ದ ಕೇಳಿದ.

ಮಠದ ಅಡುಗೆಮನೆ ಅವನ ಪಾಲಿಗಿತ್ತು. ಆ ಬೆಳಿಗ್ಗೆ ಗಂಜಿ ಸೀದುಹೋಗಿತ್ತು. ಹಸಿದು ಬಂದವರು ಬಟ್ಟಲು ಹಾಗೇ ಬಿಟ್ಟು ಎದ್ದು ಹೋಗಿದ್ದರು. ಗಂಜಿ ಒಲೆಯ ಮೇಲಿದ್ದಾಗ ಅವನು ಸೌದೆ ಇಳಿಸಿಕೊಂಡಿದ್ದ, ಪರಸ್ಥಳದವರಿಗೆ ಕೋಣೆ ತೋರಿಸಿದ್ದ, ಗುರುಗಳು ಕೂಗಿದರೆಂದು ಓಡಿಹೋಗಿ ಅವರ ಊರುಗೋಲು ಹುಡುಕಿ ಕೊಟ್ಟಿದ್ದ. ಯಾರಿಗೂ ಇಲ್ಲ ಎಂದವನಲ್ಲ. ಆದರೂ ಬೈಗುಳ ಅವನಿಗೇ ಬಿದ್ದಿತ್ತು.

"ಆ ವಿದ್ಯೆ ಕಲಿತವನೊಬ್ಬನಿದ್ದ, ಕೇಳು" ಎಂದು ಗುರುಗಳು ಕತೆ ತೆಗೆದರು.

ಒಂದೂರಿನ ಆಲೆಮನೆಯಲ್ಲಿ ಬೆಲ್ಲ ಕಾಯಿಸುವವನಿದ್ದ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಪಾಕವಾಗಿ ಹದಕ್ಕೆ ಬರುವುದನ್ನು ಕಾಯುವುದು ಅವನ ಕೆಲಸ. ಹದ ಬಂದ ಕೂಡಲೇ ಇಳಿಸಬೇಕು. ಮುಂಚೆ ಇಳಿಸಿದರೆ ಅಚ್ಚಿನಲ್ಲಿ ನಿಲ್ಲದು, ತಡವಾದರೆ ಕಪ್ಪಾಗಿ ಕಹಿಯಾದೀತು. ಇದು ಒಡೆಯನಿಗೂ ಗೊತ್ತಿತ್ತು. ಆದರೆ ಕೆಲವರ ಕಣ್ಣಿಗೆ ನಿಂತವನೆಲ್ಲ ಸೋಮಾರಿಯೇ. ಕುದಿಯುವುದು ಹಾಲು ತಾನೆ, ನೀನೇಕೆ ಅದರ ಮುಖ ನೋಡುತ್ತ ನಿಲ್ಲಬೇಕು ಎಂದು ಒಡೆಯ ಅಣಕಿಸಿದ. ಗಾಣದ ಎತ್ತು ಬದಲಿಸು ಎಂದ. ಬಂಡಿಯ ಕಬ್ಬು ಇಳಿಸು ಎಂದ. ಆಲೆಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸಬಾರದೆಂಬುದು ಪದ್ಧತಿ. ಅವರಿಗೆ ಹಾಲು ಬಗ್ಗಿಸಿ ಕೊಡುವುದೂ ಇವನ ತಲೆಗೇ ಬಂತು. ಇವನು ಎಲ್ಲಕ್ಕೂ ಹೂಂ ಎಂದ. ಇಂಥ ಚುರುಕಿನ ಆಳು ಇನ್ನೆಲ್ಲಿ ಸಿಕ್ಕಾನು ಎಂದು ಒಡೆಯ ಹೊಗಳಿದಾಗ ಉಬ್ಬಿಯೂ ಹೋದ, ಬಡಪಾಯಿ.

ಒಂದು ದಿನ, ಬೆಲ್ಲ ಮಾಡಿಸಿಕೊಳ್ಳಲು ಕಬ್ಬು ತಂದಿದ್ದ ಒಬ್ಬ ವಿಧವೆಯ ಸರದಿ ಬಂತು. ಅವಳಿಗಿದ್ದುದು ಒಂದು ತುಂಡು ಹೊಲ. ಅವಳ ಮನೆಯ ವರ್ಷದ ಅನ್ನವೆಲ್ಲ ಆ ಕಬ್ಬಿನಲ್ಲೇ ಇತ್ತು. ಅರ್ಧ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುತ್ತಿದ್ದಾಗ ಒಡೆಯ ಕೂಗಿದ, ಇವನು ಓಡಿದ. ಮರಳಿ ಬಂದು ನೋಡಿದರೆ ಪಾಕ ಹದ ಮೀರಿ ಕರಿಯಾಗಿತ್ತು. ದನವೂ ಮೂಸದಂಥ ಬೆಲ್ಲ.

ವಿಧವೆ ಒಡೆಯನ ಬಳಿ ಹೋಗಲಿಲ್ಲ. ಇವನ ಎದುರಿಗೇ ಬಂದು ನಿಂತಳು.

"ನನ್ನ ಬೆಲ್ಲ ಸೀಯುವಾಗ ಎಲ್ಲಿದ್ದೆಯಪ್ಪ?"

"ಎಲ್ಲ ಕಡೆ ಇದ್ದೆನವ್ವ" ಎಂದ.

"ಇಲ್ಲೊಂದು ಕಡೆ ಬಿಟ್ಟು" ಎಂದಳು.

ಆ ಮಾತು ಅವನಿಗೆ ನಾಟಿತು. ನಾಚಿಕೆಯಾಯಿತು, ನಾಚಿಕೆಯ ಬೆನ್ನಿಗೇ ಸಿಟ್ಟೂ ಬಂತು. ಅವಳ ಉಳಿದ ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಸುರಿದು ಅದರೆದುರು ನಿಂತ. ನೊರೆ ಏಳುವ ಹೊತ್ತಿಗೆ ಒಡೆಯ ಕೂಗಿದ. ಇವನು ಕದಲಲಿಲ್ಲ. ಒಡೆಯ ಮತ್ತೆ ಕೂಗಿದ, ಕೊನೆಗೆ ತಾನೇ ಬಂದು ಹೆಗಲು ಹಿಡಿದು ಜಗ್ಗಿದ. ಕಿವಿ ಕೇಳುವುದಿಲ್ಲವೇ, ಈಗ ಬರದಿದ್ದರೆ ನಾಳೆಯಿಂದ ಈ ಕಡೆ ತಲೆ ಹಾಕಬೇಡ ಎಂದು ಅಬ್ಬರಿಸಿದ. ಇವನ ಹೆಂಡತಿ ಮಕ್ಕಳು ಉಣ್ಣುತ್ತಿದ್ದುದೂ ಅದೇ ಆಲೆಮನೆಯ ಕೂಲಿಯಿಂದ. ಆದರೂ ಇವನು ಕೊಪ್ಪರಿಗೆಯಿಂದ ಕಣ್ಣು ಕೀಳಲಿಲ್ಲ.

"ಹದ ಬರಲಿ, ಹೋಗುತ್ತೇನೆ" ಎಂದ.

ಹದ ಬಂತು. ಇಳಿಸಿ ಅಚ್ಚಿಗೆ ಸುರಿದ. ಬೆಲ್ಲ ಗಟ್ಟಿಯಾಗಿ ನಿಂತಿತು. ವಿಧವೆ ಅದನ್ನು ಮುಟ್ಟಿ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇವನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಒಡೆಯನ ಮುಖವನ್ನೂ ನೋಡದೆ ನಡೆದುಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು. ಮರಿಸಿದ್ದನಿಗೆ ಸಮಾಧಾನವಾಗಲಿಲ್ಲ. ಬೆಲ್ಲ ಉಳಿಸಿದ್ದೇನೋ ಸರಿ, ಆದರೆ ಅನ್ನ ಕೊಡುವ ಒಡೆಯ ಕೂಗಿದಾಗ ತಿರುಗಿಯೂ ನೋಡದಿದ್ದರೆ ಅದು ಉದ್ಧಟತನವಲ್ಲವೆ ಎಂದು ಕೇಳಿದ.

ಗುರುಗಳು ಹೇಳಿದರು: "ನಾಳೆ ನೀನು ಗಂಜಿಯ ಮುಂದೆ ನಿಂತಿರುವಾಗ ನಾನೇ ಕೂಗಿದರೂ ತಿರುಗಿ ನೋಡಬೇಡ."